ಹತ್ತು ಕಂಪ್ಯೂಟರುಗಳಲ್ಲಿ ಪಾಂಡವಪುರ

ಮಕ್ಕಳು ಕನ್ನಡ ಟೈಪಿಂಗ್ ಕಲಿಯುವ ಒಂದು ಉಚಿತ ತಂತ್ರಾಂಶವಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕು. ಮೂಲ ಕೋಡನ್ನು ಆಯಾ ಕಂಪ್ಯೂಟರಿಗೆ ತಕ್ಕ ಪ್ರೋಗ್ರಾಮಾಗಿ ಬಿಲ್ಡ್ ಮಾಡುವಾಗ, ಬೇಕಾದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಎಲ್ಲಿವೆಯೆಂದು ಹುಡುಕಿಕೊಡುವ ಪುಟ್ಟ ಫೈಲುಗಳು ಮಾಡ್ಯೂಲುಗಳು. ಪಾಂಡವಪುರದ ಮನೆಯಲ್ಲಿ ಕೂತು ಅವನ್ನು ರಿಪೇರಿ ಮಾಡುವುದು, ಬಳಸುವ ಬಗೆ ಬರೆದಿಡುವುದು ನನ್ನ ಪಾಲಿಗೆ ಬಿದ್ದ ಕೆಲಸ. ಮ್ಯಾಕಿನಲ್ಲಿ ಸರಿಮಾಡಿದರೆ ವಿಂಡೋಸಿನಲ್ಲಿ ಕೆಡುತ್ತದೆ. ಸಾಕಾಗಿತ್ತು. ಒಂದು ದಿನ ಕಸವೆನಿಸಿದ ಸಾಲುಗಳನ್ನೆಲ್ಲ ಕಿತ್ತುಹಾಕಿ, ಹೊಸ ಆವೃತ್ತಿ ಬಿಟ್ಟೆ.

ಎರಡು ದಿನಕ್ಕೆ, ಶೀಳನೆರೆಯ ಶಾಲೆಯಲ್ಲಿ ಮೇಷ್ಟರಾಗಿರುವ ನನ್ನ ಹಳೆಯ ಸಹಪಾಠಿಯ ಫೋನು ಬಂತು.

“ಲೇ, ಏನ್ಲಾ ಮಾಡ್ಬುಟ್ಟೆ? ಒಂದ್ ಕಂಪ್ಯೂಟ್ರಲ್ಲೂ ಬಿಲ್ಡ್ ಆಗ್ತಿಲ್ಲ. ನಾಳೆ ಮಕ್ಳಿಗೆ ಟೈಪಿಂಗ್ ಪರೀಕ್ಷೆ ಐತೆ.”

“ಅಳೇದನ್ನೇ ಆಕ್ಕೋ ಕಣ್ಲಾ.”

“ಅಳೇದನ್ನ ಅಳಿಸಿ ಒಸದು ಆಕಿ ಅಂತ ಬರ್ದಿರೋನು ನೀನೇ ಕಣ್ಲಾ. ಅಳಿಸ್ಬುಟ್ಟೆ.”

ಹೋದೆ. ಬಸ್ಸಿನಲ್ಲೋ ಬೈಕಿನಲ್ಲೋ, ಆಣೆಯಿಟ್ಟು ಹೇಳಲಾರೆ. ಸೊಂಟ ನೋಯುತ್ತಿದ್ದದ್ದು ನಿಜ. ಅದಕ್ಕೆ ಎರಡೂ ಕಾರಣವಾಗಬಲ್ಲವು.

ಶಾಲೆಯಲ್ಲಿ ಲಿನಕ್ಸಿನ ಹತ್ತು ಹಳೆಯ ಕಂಪ್ಯೂಟರುಗಳು. ಒಂದೊಂದರಲ್ಲೂ ‘ಪಾಂಡವಪುರ’ ಎಂಬ ಫೋಲ್ಡರು.

“ಇದ್ಯಾಕ್ಲಾ ಇಲ್ಲಿ?”

“ನೀನು ಬರ್ದಿರೋದ್ರಾಗೆ ಇಂಗೇ ಐತಲ್ಲ, ಲೈಬ್ರರಿ ಫೈಲ್ನೆಲ್ಲ ಪಾಂಡವಪುರ ಫೋಲ್ಡರ್‌ಗೆ ಆಕಿ ಅಂತ. ಆಕಿದೀವಿ.”

ಅದು ನನ್ನ ಕಂಪ್ಯೂಟರಿನ ಫೋಲ್ಡರು. ಉದಾಹರಣೆಗೆಂದು ಬರೆದಿದ್ದೆ, ‘ಉದಾಹರಣೆಗೆ’ ಎನ್ನುವುದನ್ನು ಬರೆದಿರಲಿಲ್ಲ. ಅಲ್ಲಿ ಹುಡುಕುವ ಸಾಲೂ ಮಾಡ್ಯೂಲಿನಲ್ಲಿ ಉಳಿದುಬಿಟ್ಟಿದ್ದರಿಂದ ಇಷ್ಟು ದಿನ ಇವರಿಗೆಲ್ಲ ನಡೆದಿತ್ತು. ಮೊನ್ನೆ ಕಿತ್ತದ್ದರಲ್ಲಿ ಆ ಸಾಲೂ ಹೋಗಿತ್ತು.

“ಫೋಲ್ಡರ್ನ ಬ್ಯಾರೆ ಕಡೆ ಇಟ್ರೆ ಸರಿಯೋಗ್ತದೆ,” ಎಂದೆ.

“ಓಗ್ತದೆ. ಕ್ಯಾತ್ನಳ್ಳಿಗೂ ನಾಗಮಂಗ್ಲಕ್ಕೂ ನೀನೇ ಓಗಿ ಇಟ್ಬುಟ್ ಬತ್ತೀಯಾ? ಅಲ್ಲಿ ಮೇಷ್ಟ್ರುಗೊಳ್ಗೆಲ್ಲ ನಾನೇ ಇಂಗೆ ಏಳ್ಕೊಟ್ಟಿರೋದು.”

ಸಾಲನ್ನು ವಾಪಸು ಹಾಕಿದೆ. ಒಂದೊಂದರಲ್ಲೂ ಬಿಲ್ಡ್ ಮುಗಿಯುವುದನ್ನು ಕಾಯುತ್ತ, ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತಿದ್ದೆ. ಒಂಬತ್ತರಲ್ಲಿ ಮಾತ್ರ ಆಯಿತೆಂದು ನನ್ನ ನೆನಪು. ಹತ್ತರಲ್ಲೂ ಆಯಿತೆಂದು ಅವನದು. ಮರುದಿನ ಪರೀಕ್ಷೆ ನಡೆದದ್ದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಹೊರಡುವ ಮುಂಚೆ ಆ ಸಾಲಿಗೊಂದು ವಿವರಣೆ ಬರೆಯಬೇಕಿತ್ತು. ‘ಹಳೆಯ ವ್ಯವಸ್ಥೆಗಳ ಅನುಕೂಲಕ್ಕಾಗಿ’ ಎಂದು ಬರೆದೆ. ನನ್ನ ವಿವರಣೆಗಳೆಲ್ಲ ಹೀಗೇ, ಮೊದಲೇ ಯೋಚಿಸಿ ಮಾಡಿದ್ದೆನೇನೋ ಎಂಬಂತೆ ಇರುತ್ತವೆ. ಅವನು ಹಿಂದಿನಿಂದ ಇಣುಕಿದ.

“ಅದ್ಯಾವ ಅನುಕೂಲ್ವೋ! ತಪ್ ಮಾಡ್ದೆ ಅಂತ ಬರಿಯಕ್ಕೆ ಏನ್ಲಾ ರೋಗ?”

ಬದಲಿಸಿದೆ: ‘ಇದು ಬರೆದವನ ಸ್ವಂತ ಫೋಲ್ಡರು. ತಪ್ಪಿನಿಂದ ಉಳಿಯಿತು. ಈಗ ಮೂರು ತಾಲ್ಲೂಕಿನ ಶಾಲೆಗಳು ಇದನ್ನು ನಂಬಿವೆ. ತೆಗೆಯಬೇಡಿ.’

ಓದಿ, “ಊಂ,” ಎಂದು ಲ್ಯಾಬಿಗೆ ಬೀಗ ಹಾಕಿದ. ಮ್ಯಾಕಿನಲ್ಲಿ ಇದರಿಂದ ಏನು ಕೆಟ್ಟಿದೆಯೋ ನಾನಿನ್ನೂ ನೋಡಿಲ್ಲ.