ಬಸ್ಸಿನಲ್ಲಿ ಹೋದ ಚಂದ್ರ

ನಾನು ಚಿಕ್ಕವನಿದ್ದಾಗ ರಂಜಾನ್ ಹಬ್ಬ ಯಾವತ್ತು ಎಂದು ಕ್ಯಾಲೆಂಡರ್ ಹೇಳುತ್ತಿರಲಿಲ್ಲ, ಚಂದ್ರ ಹೇಳುತ್ತಿದ್ದ. ಉಪವಾಸದ ತಿಂಗಳು ಮುಗಿಯುತ್ತ ಬಂದಾಗ ಒಂದು ಸಂಜೆ ಎಲ್ಲರೂ ಪಶ್ಚಿಮದ ಆಕಾಶದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಎಳೆ ಚಂದ್ರ ಕಂಡರೆ ಮರುದಿನವೇ ಹಬ್ಬ. ಕಾಣದಿದ್ದರೆ ಇನ್ನೊಂದು ದಿನ ಉಪವಾಸ. ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನಕ್ಕೆ ಸದ್ದಿಲ್ಲದೆ ಅಡುಗೆಮನೆ ಸೇರುತ್ತಿದ್ದ ನನ್ನಂಥವನಿಗೂ ಆ ಇನ್ನೊಂದು ದಿನ ಬಹಳ ಉದ್ದ ಅನ್ನಿಸುತ್ತಿತ್ತು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದು ಹೊಲಿಗೆ ಅಂಗಡಿ. ಮನೆಯಲ್ಲಿ ನಾವು ಅವರನ್ನು ಅಬ್ಬಾ ಎನ್ನುತ್ತಿದ್ದೆವು. ನಿಮಗೆ ಹೇಳುವಾಗ ಅಪ್ಪ ಎಂದೇ ಹೇಳುತ್ತೇನೆ. ಅಂಗಡಿಯೊಳಗೆ ಕಾಲಿಟ್ಟರೆ ಮೆಷಿನ್ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆಯ ಬಿಸಿ. ನೆಲದ ತುಂಬ ಬಣ್ಣಬಣ್ಣದ ನೂಲಿನ ತುಂಡುಗಳು. ನಾನೂ ಅಕ್ಕನೂ ಅಲ್ಲೇ ಬೆಂಚಿನ ಮೇಲೆ ಕುಳಿತು ಗುಂಡಿ ಹಚ್ಚಲು ಕಲಿತವರು. ಅಪ್ಪ ಕಲಿಸಿದ ಪಾಠ ಒಂದೇ. ಹೊಲಿಗೆ ಸಣ್ಣಗಿರಬೇಕು, ಒತ್ತೊತ್ತಾಗಿರಬೇಕು. ದೂರ ದೂರ ಹಾಕಿದ ಹೊಲಿಗೆಯನ್ನು ಅವರು ಉಗುರಿನಿಂದ ಎತ್ತಿ, ಸರ್ರನೆ ಬಿಚ್ಚಿಬಿಡುತ್ತಿದ್ದರು. ಆಮೇಲೆ ಮೊದಲಿಂದ ಹೊಲಿಯಬೇಕು. ಅಕ್ಕನ ಹೊಲಿಗೆಯನ್ನು ಮಾತ್ರ ಅವರು ಬಿಚ್ಚಿದ್ದು ನಾನು ಕಂಡಿಲ್ಲ.

ಚಂದ್ರ ನೋಡುವ ಸಂಜೆ ಅಕ್ಕ ನನ್ನ ಕೈ ಹಿಡಿದು ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಯಾವಾಗಲೂ ಅವಳಿಗೇ ಮೊದಲು ಕಾಣುತ್ತಿತ್ತು. ನಮ್ಮ ಕಡೆ ಆ ಎಳೆ ಚಂದ್ರ ನೆಟ್ಟಗೆ ನಿಂತಿರುವುದಿಲ್ಲ, ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ಬೆಳಕು ಇನ್ನೂ ಪೂರ್ತಿ ಹೋಗದ ಆಕಾಶದಲ್ಲಿ ಅವನನ್ನು ಹುಡುಕುವುದು ಸುಲಭವಲ್ಲ. ಅಕ್ಕ ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡಿ, ನನ್ನ ಕಣ್ಣಿನ ಮುಂದೆ ಹಿಡಿದು, ಕಂಡ್ತಾ ಎಂದು ಕೇಳುತ್ತಿದ್ದಳು. ನನಗೆ ಬಳೆಯೊಳಗೆ ಬರಿಯ ಆಕಾಶ ಕಾಣುತ್ತಿತ್ತು. ಆದರೂ ಅವಳ ಮುಖದ ಸಂತೋಷ ನೋಡಿ, ಕಂಡ್ತು ಎಂದುಬಿಡುತ್ತಿದ್ದೆ. ಆಮೇಲೆ, ಕತ್ತಲು ಸ್ವಲ್ಪ ಹೆಚ್ಚಾದ ಮೇಲೆ, ನಿಜವಾಗಿಯೂ ಕಾಣುತ್ತಿತ್ತು.

ಒಂದು ವರ್ಷ ಅಕ್ಕನ ಮದುವೆಯಾಯಿತು. ಗಂಡನ ಮನೆ ನರಸಿಂಹರಾಜಪುರದಲ್ಲಿ. ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಯ ದಾರಿಯಷ್ಟೇ, ಆದರೆ ನನಗೆ ಅದು ಬೇರೆ ದೇಶವೇ ಆಗಿತ್ತು. ಬೆಂಚಿನ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಬಟ್ಟೆಯ ಗಂಟುಗಳು ಬಂದು ಕೂತವು. ಅವುಗಳನ್ನು ಕಂಡರೆ ನನಗೆ ಸಿಟ್ಟು.

ಹಬ್ಬ ಹತ್ತಿರ ಬಂದಿತ್ತು. ಒಂದು ದಿನ ಅಮ್ಮ ಅಕ್ಕಿ ಆರಿಸುತ್ತ ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಿದ್ದಳು. ಹೊಸ ಸೊಸೆಗೆ ಹಬ್ಬದ ಹಿಂದಿನ ಸಂಜೆ ಒಲೆಯ ಮುಂದಿನಿಂದ ಏಳಲು ಎಲ್ಲಿ ಪುರುಸೊತ್ತು, ಈ ಸಲ ನಮ್ಮ ಹುಡುಗಿಗೆ ಚಂದ್ರ ನೋಡಿದ ಹಾಗೇ ಎಂದಳು. ಅವಳು ನಗುತ್ತಲೇ ಹೇಳಿದ್ದು. ಆದರೆ ಆ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಎಲ್ಲರಿಗಿಂತ ಮೊದಲು ಚಂದ್ರನನ್ನು ಕಾಣುತ್ತಿದ್ದ ನನ್ನ ಅಕ್ಕ ಹೊಗೆಯಲ್ಲಿ ಕಣ್ಣುಜ್ಜುತ್ತ ಒಳಗೇ ಕೂತಿರುತ್ತಾಳೆ ಎಂದು ನೆನೆದರೆ ಅಳು ಬರುತ್ತಿತ್ತು. ಅವಳು ಚಂದ್ರನ ಹತ್ತಿರ ಹೋಗಲು ಆಗದಿದ್ದರೆ ನಾನೇ ಒಂದು ಚಂದ್ರನನ್ನು ಅವಳಿಗೆ ಕಳಿಸುತ್ತೇನೆ ಎಂದು ತೀರ್ಮಾನ ಮಾಡಿದೆ.

ಅಂಗಡಿಯ ಗೋಡೆಯ ಮೇಲೆ ಒಂದು ಶುಭಾಶಯದ ಕಾರ್ಡು ಇತ್ತು. ಕಾಫಿ ಎಸ್ಟೇಟಿನ ಗಿರಾಕಿಯೊಬ್ಬರು ಹೊಸ ವರ್ಷಕ್ಕೆ ಅಪ್ಪನಿಗೆ ಕಳಿಸಿದ್ದು. ಅದರಲ್ಲಿ ಗುಲಾಬಿ ಹೂವಿನ ಚಿತ್ರವಿತ್ತು. ಅಂಥದ್ದೇ ಒಂದನ್ನು ಮಾಡಬೇಕೆಂದು ನನ್ನ ಆಸೆ. ಆದರೆ ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬರೆದ ಆಕಳಿಗೆ ಮೇಷ್ಟ್ರು ನಾಯಿ ಎಂದು ಅಂಕ ಕೊಟ್ಟಿದ್ದರು. ಬರುವುದು ಹೊಲಿಗೆ ಮಾತ್ರ. ಹಾಗಾಗಿ ಹೊಲಿದೇ ಮಾಡುವುದು ಎಂದುಕೊಂಡೆ. ಬಟ್ಟೆಯ ಥಾನುಗಳಿಗೆ ಸುತ್ತಿ ಬರುತ್ತಿದ್ದ ದಪ್ಪ ನೀಲಿ ಕಾಗದ ಸಿಕ್ಕಿತು. ಸಂಜೆ ಆಕಾಶದ ಬಣ್ಣವೇ. ನೂಲಿಗೆ ಅಪ್ಪನ ತಗಡಿನ ಡಬ್ಬಿ ತೆಗೆದೆ. ಅದರ ತಳದಲ್ಲಿ ಅಕ್ಕನ ಮದುವೆಯ ಬಟ್ಟೆಗೆ ತಂದು ಉಳಿದ ಬೆಳ್ಳಿ ಜರಿಯ ನೂಲು ಸಣ್ಣ ಉಂಡೆಯಾಗಿ ಕೂತಿತ್ತು. ಇನ್ನು ಸ್ವಲ್ಪವೇ ಇದ್ದದ್ದು. ಅಪ್ಪನನ್ನು ಕೇಳಿದೆ. ಅವರು ಮೆಷಿನ್ ತುಳಿಯುತ್ತಲೇ ತಲೆಯಾಡಿಸಿದರು. ಏನು ಕೇಳಿದೆ ಎಂದು ಅವರಿಗೆ ತಿಳಿಯಿತೋ ಇಲ್ಲವೋ.

ಅವತ್ತು ಚಂದ್ರ ಕಾಣಬಹುದಾದ ದಿನ. ಸಂಜೆಗೆ ಮುಂಚೆ ನರಸಿಂಹರಾಜಪುರದ ಬಸ್ಸು ಹೊರಡುತ್ತಿತ್ತು. ಆ ಬಸ್ಸಿನ ಕಂಡಕ್ಟರ್ ಊರಿನವರ ಎಲ್ಲ ಪೊಟ್ಟಣಗಳನ್ನೂ ಒಯ್ಯುತ್ತಿದ್ದ. ಅವನಿಗೆ ಕೊಟ್ಟರೆ ಅಕ್ಕನ ಕೈ ಸೇರುವುದು ಖಂಡಿತ. ನಾನು ಅಂಗಡಿಯ ಮೂಲೆಯಲ್ಲಿ ಕುಳಿತು ನೀಲಿ ಕಾಗದದ ಮೇಲೆ ಮಲಗಿದ ಚಂದ್ರನ ಗೆರೆ ಎಳೆದು, ಜರಿ ನೂಲು ಪೋಣಿಸಿ ಹೊಲಿಯತೊಡಗಿದೆ. ಅಪ್ಪ ಕಲಿಸಿದ ಹಾಗೆ ಸಣ್ಣ ಸಣ್ಣ ಹೊಲಿಗೆ, ಒತ್ತೊತ್ತಾದ ಹೊಲಿಗೆ. ಅಂಥ ಹೊಲಿಗೆಯನ್ನು ನಾನು ಅದುವರೆಗೆ ಹಾಕಿರಲಿಲ್ಲ. ಒಂದು ಸುತ್ತು ಬಂದ ಮೇಲೂ ಸಮಾಧಾನವಾಗಲಿಲ್ಲ. ಗಟ್ಟಿಯಾಗಲಿ ಎಂದು ಅದೇ ಗೆರೆಯ ಮೇಲೆ ಇನ್ನೊಂದು ಸುತ್ತು ಬಂದೆ. ಕೊನೆಯ ಗಂಟು ಹಾಕಿ ನೂಲನ್ನು ಬಿಗಿಯಾಗಿ ಎಳೆದೆ.

ಹಾಳೆಯಿಂದ ಅಂಚೆ ಚೀಟಿ ಬಿಡುವ ಹಾಗೆ ಚಂದ್ರ ಕಾರ್ಡಿನಿಂದ ಬಿಟ್ಟುಕೊಂಡು ನನ್ನ ತೊಡೆಯ ಮೇಲೆ ಬಿದ್ದ. ಕಾಗದದಲ್ಲಿ ಅವನ ಆಕಾರದ ತೂತು ಮಾತ್ರ ಉಳಿಯಿತು. ತೂತಿನಾಚೆ ನನ್ನ ಚಡ್ಡಿ ಕಾಣುತ್ತಿತ್ತು. ಇನ್ನೊಂದು ಹೊಲಿಯೋಣವೆಂದರೆ ಜರಿ ನೂಲು ಮುಗಿದಿತ್ತು. ಹೊರಗೆ ಬಿಸಿಲು ಹಳದಿಯಾಗುತ್ತಿತ್ತು, ಬಸ್ಸು ಬಂದು ನಿಂತ ಸದ್ದೂ ಕೇಳಿತು. ಎಲ್ಲ ಸೇರಿ ನನಗೆ ಜೋರಾಗಿ ಅಳು ಬಂತು.

ಅಂಗಡಿಯ ತುಂಬ ಜನ. ರಂಜಾನಿನ ಹಿಂದಿನ ದಿನ ಹೊಲಿಗೆಯವನ ಪಾಡು ಕೇಳಬಾರದು. ಬಾಗಿಲಿಗೆ ಒರಗಿ ನಿಂತಿದ್ದ ಮುತ್ತಿನಕೊಪ್ಪದ ಗಿರಾಕಿ, ತನ್ನ ಅಂಗಿ ಇನ್ನೂ ತೋಳಿಲ್ಲದೆ ನೇತಾಡುವುದನ್ನು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಅಪ್ಪನ ಬಾಯಿ ಉಪವಾಸದಿಂದ ಒಣಗಿತ್ತು. ಅವರ ಕಾಲು ಬೆಳಿಗ್ಗೆಯಿಂದ ಮೆಷಿನ್ ಬಿಟ್ಟಿರಲಿಲ್ಲ. ನನ್ನ ಅಳು ಕೇಳಿ ಅವರು ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು. ನಾನು ತೂತಿನ ಕಾಗದವನ್ನೂ ಬಿದ್ದ ಚಂದ್ರನನ್ನೂ ಅವರ ಮುಂದೆ ಹಿಡಿದು, ಅಕ್ಕನಿಗೆ ಚಂದ್ರ ನೋಡಲು ಪುರುಸೊತ್ತು ಇರುವುದಿಲ್ಲವಂತೆ ಎಂದಷ್ಟೇ ಹೇಳಿದೆ. ಅಪ್ಪ ಕಾಗದವನ್ನು ತಿರುಗಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಆದರೆ ಅವರು ತೋಳಿಲ್ಲದ ಅಂಗಿಯನ್ನು ಪಕ್ಕಕ್ಕೆ ಸರಿಸಿದರು.

ಇದೆಂತ ಮಾರಾಯ, ನಾಳೆ ಹಬ್ಬ ಆದ್ರೆ ನನ್ನ ಗತಿ ಎಂತದು ಎಂದು ಗಿರಾಕಿ ಕೇಳಿದ.

"ಕೂತ್ಕೊ ಮಾರಾಯ. ನಿನ್ನ ಅಂಗಿಗಿಂತ ಮುಂಚೆ ಒಂದು ಚಂದ್ರನ್ನ ಹೊಲಿಬೇಕು" ಎಂದರು ಅಪ್ಪ.

ಅವರು ಜರಿ ನೂಲನ್ನು ಹಾಳಾಗದ ಹಾಗೆ ಮೆಲ್ಲಗೆ ಬಿಚ್ಚಿದರು. ಬಿಚ್ಚುತ್ತ ನನ್ನ ಹೊಲಿಗೆಯನ್ನು ಬೆರಳಿನಿಂದ ಸವರಿ, ಹೊಲಿಗೆ ಚೆನ್ನಾಗಿಯೇ ಇದೆ ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನ ಹೊಲಿಗೆಯನ್ನು ಹೊಗಳಿದ್ದು ಅದೇ ಮೊದಲು, ಅದೂ ಬಿಚ್ಚುವಾಗ. "ಬಟ್ಟೆಗೆ ಸೂಜಿ ಚುಚ್ಚಿದ್ರೆ ಅದು ಮತ್ತೆ ಕೂಡ್ಕೊಳ್ತದೆ. ಕಾಗದ ಹಾಗಲ್ಲ. ಅದಕ್ಕೆ ಒಂದೊಂದು ತೂತೂ ನೋವೇ. ದೂರ ದೂರ ಚುಚ್ಚು" ಎಂದು ಹೇಳಿಕೊಟ್ಟರು.

ಆಮೇಲೆ ಅವರು ಗುಂಡಿ ಡಬ್ಬಿಯ ಮುಚ್ಚಳವನ್ನು ಚಂದ್ರನ ತೂತಿನ ಮೇಲೆ ಇಟ್ಟು, ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು, ದೊಡ್ಡ ಕತ್ತರಿ ಎತ್ತಿದರು. ಇದ್ದ ಕಾರ್ಡೂ ಹೋಯಿತು ಎಂದುಕೊಂಡೆ. ಕತ್ತರಿ ಕರಕರನೆ ಸುತ್ತು ಹಾಕಿತು. ಕಾರ್ಡಿನ ನಡುವೆ ದುಂಡಗಿನ ಕಿಟಕಿಯಾಯಿತು. ಕಿಟಕಿಯ ಅಂಚಿಗೆ ಅಪ್ಪ ನನ್ನ ಕೈಯಿಂದಲೇ ಹೊಲಿಸಿದರು. ಅವರು ಯಾವಾಗಲೂ ಬಿಚ್ಚಿಹಾಕುತ್ತಿದ್ದಂಥ ಉದ್ದುದ್ದ ಹೊಲಿಗೆ. ಉಳಿದ ನೂಲನ್ನು ಚಂದ್ರನ ಎರಡು ತುದಿಗೂ ಕಟ್ಟಿ, ಮೇಲೆ ಒಂದೇ ಗಂಟಿಗೆ ತಂದು, ಕಿಟಕಿಯ ನಡುವೆ ಇಳಿಬಿಟ್ಟರು. ಚಂದ್ರ ತೊಟ್ಟಿಲ ಹಾಗೆ ಅಂಗಾತ ತೂಗುತ್ತಿದ್ದ. ಅಪ್ಪ ಒಮ್ಮೆ ಊದಿದರು. ಅವನು ಮೆಲ್ಲಗೆ ತಿರುಗಿದ. ಮುತ್ತಿನಕೊಪ್ಪದ ಗಿರಾಕಿ ತನ್ನ ಅಂಗಿಯನ್ನು ಮರೆತು, ತಾನೂ ಒಮ್ಮೆ ಊದಿ ನೋಡಿದ.

ನಾನು ಬಸ್ಸಿಗೆ ಓಡಿದೆ. ಕಂಡಕ್ಟರ್ ಕಾರ್ಡನ್ನು ಚೀಲಕ್ಕೆ ಹಾಕಲು ಹೋದವನು, ಚಂದ್ರ ಮುದುಡಿಹೋಗುತ್ತಾನೆ ಎಂದು ಡ್ರೈವರಿಗೆ ಕೊಟ್ಟ. ಡ್ರೈವರ್ ಅದನ್ನು ಮುಂದಿನ ಗಾಜಿನ ಹತ್ತಿರ, ತನ್ನ ದೇವರ ಪಟಕ್ಕೆ ಹಾಕಿದ್ದ ಸೇವಂತಿಗೆ ಹಾರದ ಪಕ್ಕ ನೇತುಹಾಕಿದ. ಬಸ್ಸು ಧೂಳೆಬ್ಬಿಸಿ ಹೊರಟಿತು. ತಿರುವು ದಾಟುವವರೆಗೂ ಹಿಂದಿನ ಗಾಜಿನೊಳಗಿಂದ ನನ್ನ ಚಂದ್ರ ತೂಗುತ್ತಿದ್ದುದು ಕಾಣುತ್ತಿತ್ತು.

ಸಂಜೆ ನಾನೊಬ್ಬನೇ ಗುಡ್ಡ ಹತ್ತಿದೆ. ಎಲ್ಲಿಂದಲೋ ಕಾಫಿ ಹೂವಿನ ಪರಿಮಳ ಬರುತ್ತಿತ್ತು. ಬಳೆ ಹಿಡಿಯಲು ಅಕ್ಕನ ಕೈ ಇರಲಿಲ್ಲ. ಆದರೆ ಜೇಬಿನಲ್ಲಿ ಅಪ್ಪ ಕತ್ತರಿಸಿ ತೆಗೆದ ದುಂಡು ಕಾಗದವಿತ್ತು, ಅದರ ನಡುವೆ ಚಂದ್ರನ ಆಕಾರದ ತೂತು. ಅದನ್ನೇ ಕಣ್ಣಿಗೆ ಹಿಡಿದು ಆಕಾಶದ ಉದ್ದಕ್ಕೂ ಹುಡುಕಿದೆ. ಒಂದು ಮರದ ತುದಿಯ ಮೇಲೆ, ಉಗುರಿನ ಗೀರಿನಷ್ಟು ತೆಳ್ಳಗೆ, ಮಲಗಿದ್ದ. ಅವತ್ತು ಗುಡ್ಡದ ಮೇಲಿದ್ದವರಲ್ಲಿ ಮೊದಲು ಕಂಡವನು ನಾನು. ಖುಷಿಯಾಯಿತು, ಜೊತೆಗೆ ಅಕ್ಕನಿಗೆ ಹೇಳಲಾಗದ ಸಂಕಟವೂ ಆಯಿತು.

ಹಬ್ಬ ಕಳೆದು ಅಕ್ಕ ಮನೆಗೆ ಬಂದಾಗ ಎಲ್ಲ ಗೊತ್ತಾಯಿತು. ಕಾರ್ಡು ತಲುಪಿದಾಗ ಅವಳು ನಿಜವಾಗಿಯೂ ಒಲೆಯ ಮುಂದೆ ಇದ್ದಳಂತೆ. ಕಾರ್ಡು ನೋಡಿ ಅಳುತ್ತ ನಗುತ್ತ ಕೂತವಳನ್ನು ಅತ್ತೆ ಬಂದು ವಿಚಾರಿಸಿದರಂತೆ. ನನ್ನ ತಮ್ಮ ಒಂದು ಚಂದ್ರನನ್ನು ಕಳಿಸಿದ್ದಾನೆ ಎಂದಳಂತೆ. "ತಮ್ಮ ಅಷ್ಟು ದೂರದಿಂದ ಕಳಿಸಿದಾನೆ, ಅಂಗಳದಲ್ಲಿ ಕಾಣೋ ಚಂದ್ರನ್ನ ನಾನು ತೋರಿಸ್ದೆ ಇರ್ತೀನಾ? ಏಳು" ಎಂದು ಅತ್ತೆ ಸೌಟನ್ನು ತಾವೇ ಕಸಿದು ಪಕ್ಕಕ್ಕಿಟ್ಟು, ಅವಳ ಕೈ ಹಿಡಿದು ಹೊರಗೆ ಕರೆದೊಯ್ದರಂತೆ. ಅಲ್ಲಿಯೂ ಮೊದಲು ಕಂಡವಳು ಅಕ್ಕನೇ. ಇದನ್ನು ಅವಳು ಎರಡು ಸಲ ಹೇಳಿದಳು.

ಈಗ ನನ್ನ ಮೊಮ್ಮಕ್ಕಳೂ ನೂಲಿನ ಕಾರ್ಡು ಮಾಡುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಬಣ್ಣದ ಕಾಗದ, ಮಿನುಗುವ ಪುಡಿ, ಎಷ್ಟು ಬೇಕೋ ಅಷ್ಟು ಜರಿ ನೂಲು ಸಿಗುತ್ತದೆ. ಆ ಮಿನುಗುವ ಪುಡಿ ಮಾತ್ರ ನನಗೆ ಹಿಡಿಸದು, ಅನ್ನದಲ್ಲಿಯೂ ಸಿಕ್ಕಿದೆ. ಈ ವರ್ಷ ಅವರು ಅಕ್ಕನಿಗೆ ಚಂದ್ರನ ಕಾರ್ಡು ಮಾಡಲು ಕೂತಾಗ, ಕಾಗದಕ್ಕೆ ದೂರ ದೂರ ಚುಚ್ಚಬೇಕು ಎಂದು ನಾನು ಗತ್ತಿನಿಂದ ಹೇಳಿದೆ. ಅದು ವಿಡಿಯೋದಲ್ಲಿಯೇ ಇದೆ ಅಜ್ಜ ಎಂದರು. ಅದರ ಫೋಟೋ ತೆಗೆದು ಫೋನಿನಲ್ಲಿ ಕಳಿಸುತ್ತೇವೆ ಎಂದಾಗ, ಫೋಟೋದ ಚಂದ್ರ ತಿರುಗುವುದಿಲ್ಲವಲ್ಲ ಎಂದೆ. ತಿರುಗುವ ಹಾಗೆಯೂ ಕಳಿಸಬಹುದಂತೆ. ಅವರ ಜೊತೆ ವಾದ ಮಾಡಿ ಗೆಲ್ಲುವುದು ನನ್ನ ಕೈಲಾಗದ ಕೆಲಸ. ಕೊನೆಗೆ ನನಗೆ ಅಕ್ಕನನ್ನು ನೋಡಬೇಕು ಎಂದು ನಿಜವನ್ನೇ ಹೇಳಿದೆ. ಎಲ್ಲರೂ ಬಸ್ಸು ಹತ್ತಿದೆವು. ಕಾರ್ಡು ನನ್ನ ತೊಡೆಯ ಮೇಲಿತ್ತು.

ಅಕ್ಕನ ಮನೆ ತಲುಪಿದ ಕೂಡಲೆ, ಹಳೆಯ ಕಾರ್ಡು ಎಲ್ಲಿ ಎಂದು ಮಕ್ಕಳು ಕೇಳಿದರು. ತನ್ನ ಮಕ್ಕಳು ಆಡಿ ಆಡಿ ಹರಿದರು ಎಂದು ಅಕ್ಕ ನಕ್ಕಳು. ಅಷ್ಟರಲ್ಲಿ ಯಾವುದೋ ಊರಿನಲ್ಲಿ ಚಂದ್ರ ಕಂಡ ಸುದ್ದಿ ಫೋನಿಗೆ ಬಂತು. ಇನ್ನೊಬ್ಬರು ಕಂಡ ಚಂದ್ರ ತನಗೆ ಬೇಡವೆಂದು ಅಕ್ಕ ಕೋಲು ಹಿಡಿದು ಎದ್ದಳು. ಎಲ್ಲರೂ ಸೇರಿ ಅವಳನ್ನು ತಾರಸಿಗೆ ಹತ್ತಿಸಿದೆವು. ಈ ಸಲ ನನಗೇ ಮೊದಲು ಕಂಡಿತು. ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡಿ ಅವಳ ಕಣ್ಣಿನ ಮುಂದೆ ಹಿಡಿದು, ಕಂಡ್ತಾ ಅಕ್ಕ ಎಂದು ಕೇಳಿದೆ.

"ಕಂಡ್ತು ಮಾರಾಯ. ಎಷ್ಟು ಚಂದ ಇದಾನೆ" ಎಂದಳು.

ಅಕ್ಕನ ಕಣ್ಣಿಗೆ ಈಗ ಪೊರೆ ಬಂದಿದೆ. ಅವಳು ನೋಡುತ್ತಿದ್ದದ್ದು ನನ್ನ ಬಳೆಯನ್ನು ದಾಟಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆಗೆ. ಆ ಕಂಡ್ತು ಎನ್ನುವ ಮಾತು ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಡ್ಡದ ಮೇಲೆ ನಾನು ಹಾಗೆಂದಾಗಲೆಲ್ಲ ಅವಳಿಗೂ ಗೊತ್ತಾಗಿರಬೇಕು ಎಂದು ಅವತ್ತು ಹೊಳೆಯಿತು. ಆಗ ಸಣ್ಣ ಮೊಮ್ಮಗಳು ತಾವು ಮಾಡಿದ ಕಾರ್ಡನ್ನು ಅವಳ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅಕ್ಕ ಬೆರಳಿನಿಂದ ಮುಟ್ಟಿದಳು. ಕಾಗದದ ಚಂದ್ರ ನೂಲಿನ ಮೇಲೆ ಮೆಲ್ಲಗೆ ತಿರುಗಿದ.

"ಇದು ನೋಡು," ಎಂದಳು ಅಕ್ಕ, ನನ್ನ ಕೈ ಹುಡುಕಿ ಹಿಡಿದುಕೊಂಡು, "ಇದು ನಿಜವಾಗ್ಲೂ ಕಂಡ್ತು."