ತೂಬು ಮುಚ್ಚಿಸುವ ರಾಮಣ್ಣ

ಗೊರೂರು ನಾಲೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ರಾಮಣ್ಣನಿಗೆ ಮೇಲ್ಭಾಗದ ಗದ್ದೆಯವರು ಹಾಕದ ಶಾಪವಿಲ್ಲ. ಕೊನೆಯ ಗದ್ದೆಗೆ ನೀರು ತಲುಪಬೇಕಾದರೆ ಮೇಲಿನವರ ತೂಬು ಮುಚ್ಚಲೇಬೇಕು. ಸ್ವಂತ ಭಾವಮೈದುನನ ತೂಬು ಮುಚ್ಚಿಸಿ ವರ್ಷಗಟ್ಟಲೆ ಮಾತು ಬಿಟ್ಟ ಆಸಾಮಿ. ಅಂಥವನು ೨೦೦೮ರಲ್ಲಿ ಹಾಸನದ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಮುದುಡಿ ಕೂತಿದ್ದ.

ಮಗಳು ಅನುಶ್ರೀಯ ಎರಡೂ ಕಿಡ್ನಿ ಕೆಟ್ಟಿದ್ದವು. ಹೆಂಡತಿ ಪುಟ್ಟತಾಯಮ್ಮನದು ಹೊಂದುತ್ತಿತ್ತು, ಒಂದನ್ನು ಕೊಡಲು ಆಕೆ ಸಿದ್ಧ. ತಕರಾರು ಇವನದೇ.

"ಒಂದ್ ತೂಬು ಮುಚ್ಚಿದ್ರೆ ನೀರೆಲ್ಲಾ ಇನ್ನೊಂದಕ್ಕೆ ನುಗ್ಗಿ ಏರಿ ಒಡೀತದೆ ಸಾ. ಇಬ್ರೂ ಓದ್ರೆ ನಾನೇನ್ ಮಾಡ್ಲಿ?"

ಸ್ಕ್ಯಾನ್ ತೆಗೆಯುವವನು ನಾನು. ಕಂಪನಿಯವರು ಪರೀಕ್ಷೆಗೆಂದು ಒಂದು ದಪ್ಪ ಕನ್ನಡಕ ಬಿಟ್ಟುಹೋಗಿದ್ದರು. ಹಾಕಿಕೊಂಡರೆ ಸ್ಕ್ಯಾನ್ ಚಿತ್ರದೊಳಗೇ ಓಡಾಡಿದ ಹಾಗಿರುತ್ತಿತ್ತು. "ಹೆಂಡತಿಯ ಒಳಗನ್ನು ಇವರಿಗೇ ತೋರಿಸಿ" ಎಂದರು ಡಾಕ್ಟರ್ ಮೈತ್ರೇಯಿ. ಪುಟ್ಟತಾಯಮ್ಮನೂ "ನೋಡ್ಲಿ ಬುಡಿ" ಎಂದಳು.

ರಾಮಣ್ಣ ಮೆಟ್ಟು ಕಳಚಿ ಬಾಗಿಲಾಚೆ ಇಟ್ಟ.

"ಬರೀ ಚಿತ್ರ ಮಾರಾಯ, ಕೊಳೆಯಾಗಲ್ಲ" ಎಂದೆ.

"ಚಿತ್ರ ಆದ್ರೂ ನಮ್ಮೋಳ್ದಲ್ವಾ ಸಾ. ತುಳ್ಕಂಡ್ ಓಗಕ್ಕಾದದಾ?"

ನನ್ನ ನಗು ಅಲ್ಲಿಗೇ ನಿಂತಿತು. ಕನ್ನಡಕ ಕಟ್ಟಿ, ದೊಡ್ಡ ರಕ್ತನಾಳದ ಗುಂಟ ಅವನನ್ನು ಕರೆದೊಯ್ದೆ. ಎರಡೂ ಕಡೆ ಕವಲು, ಕವಲ ತುದಿಗೊಂದು ಕಿಡ್ನಿ. ಗುಂಡಿ ಒತ್ತಿ ಒಂದನ್ನು ಅಳಿಸಿದೆ. ಅವನು ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಅಪಾಯ ಇಲ್ಲವೇ ಇಲ್ಲ ಅನ್ನಲ್ಲ ರಾಮಣ್ಣ," ಎಂದರು ಡಾಕ್ಟರು, "ಆದರೆ ಉಳಿದದ್ದು ಒಡೆಯಲ್ಲ. ತಾನೇ ಸ್ವಲ್ಪ ದೊಡ್ಡದಾಗಿ ಕೆಲಸ ಹೊರುತ್ತೆ."

ಅವನು ಉಳಿದ ಕಿಡ್ನಿಯ ಕವಲನ್ನೇ ತಿರುತಿರುಗಿ ನೋಡಿದ. ಕನ್ನಡಕ ತೆಗೆದಾಗ ಕಣ್ಣು ಒದ್ದೆಯಾಗಿತ್ತು. "ಏರಿ ಗಟ್ಟಿಯಾಗೈತೆ ಸಾ. ಆದ್ರೆ ಮುಚ್ಚಿ ಅನ್ನಕ್ಕೆ ಬಾಯೇ ಬತ್ತಾ ಇಲ್ಲ."

ಬಾಗಿಲಲ್ಲಿದ್ದ ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡಳು. "ಊರೋರ್ ತೂಬೆಲ್ಲಾ ಮುಚ್ಸಿದ್ರಲ್ಲಾ, ಆಗೆಲ್ಲಿತ್ತು ಈ ಅಳು? ಕೊನೇ ಗದ್ದೆ ನಮ್ಮ ಮಗಳು. ಏಳಿ ಮ್ಯಾಕೆ."

ರಾಮಣ್ಣ ಎದ್ದ. ಡಾಕ್ಟರಿಗೆ ಕೈಮುಗಿದು "ಆಗ್ಲಿ" ಎಂದ. ಸಂಜೆ ನೋಡಿದರೆ ಅವನ ಮೆಟ್ಟು ಬಾಗಿಲಾಚೆಯೇ ಇತ್ತು. ಬಸ್ಸಿಗೆ ಬರಿಗಾಲಲ್ಲೇ ಹೋಗಿಬಿಟ್ಟಿದ್ದ.

ಕನ್ನಡಕವನ್ನು ಕಂಪನಿಯವರು ಒಯ್ದರು. ಕಸ ಗುಡಿಸುವ ರೇವಮ್ಮ ಮೆಟ್ಟನ್ನು ಎಸೆಯಲು ಹೊರಟಾಗಲೆಲ್ಲ ನಾನು ಬಿಡಲಿಲ್ಲ. ಆಪರೇಷನ್ ಬೆಂಗಳೂರಿನಲ್ಲಾಯಿತು. ಯುಗಾದಿ ಕಳೆದ ಮೇಲೆ ಗೊರೂರು ಬಸ್ಸಿನಿಂದ ಮೂವರೂ ಇಳಿದು ಬಂದರು.

"ಸಾ, ನನ್ ಮೆಟ್ಟು ಅವಾ?"

ನಾನು ತೋರಿಸುವ ಮೊದಲೇ, ಬಗ್ಗಿ ಎತ್ತಿ ತಂದು ಅಪ್ಪನ ಕಾಲ ಬಳಿ ಇಟ್ಟವಳು ಅನುಶ್ರೀ.