ಕಿವಿ ಟೀಚರ್ ತೆಗೆದ ಬೀಗ

ತರಗತಿಗೆ ಯಂತ್ರಗಳನ್ನು ತಂದು ಪಾಠ ಮಾಡಿದವರು ನಮ್ಮ ಶಿಕ್ಷಕ ವೃಂದದಲ್ಲಿ ಹಲವರಿದ್ದಾರೆ. ಆ ಯಂತ್ರವನ್ನು ಎದುರಿಗೆ ಕುಳಿತ ಮಗುವಿನ ಅಳತೆಗೆ ಹೊಂದಿಸಿದವರು ತೀರ ವಿರಳ. ಆ ವಿರಳರ ಸಾಲಿನಲ್ಲಿ ಮುಂದೆ ನಿಲ್ಲತಕ್ಕವರು ನಮ್ಮ ವಿಜ್ಞಾನದ ಮೇಡಂ. ಒಂದೇ ಶಾಲೆಯಲ್ಲಿ ಮೂರು ದಶಕಗಳಿಗೂ ಮೀರಿ ಸೇವೆ ಸಲ್ಲಿಸಿ, ಈ ವರ್ಷದ ಪಾಠಗಳು ಅರ್ಧಕ್ಕೆ ಬಂದಿರುವಾಗ ನಿವೃತ್ತರಾದ ಇವರಿಗೆ ಮಕ್ಕಳು ಇಟ್ಟ ಹೆಸರು ಕಿವಿ ಟೀಚರ್. ಮಕ್ಕಳು ಪ್ರೀತಿಯಿಂದ ಇಟ್ಟ ಹೆಸರನ್ನು ಸ್ಟಾಫ್ ರೂಮಿನಲ್ಲಿ ಕೆಲವರು ಗೇಲಿಗೆ ಬಳಸಿದರು ಎಂಬುದನ್ನೂ ಇಲ್ಲಿ ಹೇಳಬೇಕು. ಈ ಸಂಪುಟದ ಸಂಪಾದಕರು ಸವಿನೆನಪುಗಳನ್ನು ಕೇಳಿದ್ದಾರೆ. ಸವಿ ಇದ್ದಷ್ಟನ್ನು ಬರೆಯಲಾಗಿದೆ. ಉಳಿದದ್ದನ್ನು ಮರೆಮಾಚಿದರೆ ಮೇಡಂ ಅವರೇ ಕೆಂಪು ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಅವರು ಸೇವೆಗೆ ಸೇರಿದ ಕಾಲಕ್ಕೆ ಶಾಲೆಯಲ್ಲಿದ್ದ ತಂತ್ರಜ್ಞಾನವೆಂದರೆ ಕಪ್ಪು ಹಲಗೆ, ಸೀಮೆಸುಣ್ಣ ಮತ್ತು ಮನಸ್ಸು ಬಂದಾಗ ಮೊಳಗುವ ಒಂದು ವಿದ್ಯುತ್ ಗಂಟೆ. ದೃಷ್ಟಿ ಮಂದವಾಗಿದ್ದ ವಿದ್ಯಾರ್ಥಿಯೊಬ್ಬನಿಗೆ ಹಲಗೆಯ ಮೇಲೆ ಬರೆದದ್ದು ಮೊದಲ ಬೆಂಚಿನಿಂದಲೂ ಕಾಣುತ್ತಿರಲಿಲ್ಲ. ಮೇಡಂ ತಮ್ಮ ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಪಾಠಗಳನ್ನೆಲ್ಲ ತಾವೇ ಓದಿ ಕ್ಯಾಸೆಟ್ಟಿಗೆ ತುಂಬಿಸಿದರು. ನಡುವೆ ಕುಕ್ಕರ್ ಕೂಗಿದ್ದನ್ನು ಅಳಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಬೆಳಕಿನ ಪಾಠದಲ್ಲಿ ಕುಕ್ಕರ್ ಎರಡನೆಯ ಸಲ ಕೂಗಿದ ಮೇಲೆ ಬರುವುದೇ ಪ್ರತಿಫಲನದ ನಿಯಮ ಎಂಬುದು ಆ ಕ್ಯಾಸೆಟ್ ಕೇಳಿ ಕಲಿತವರಿಗೆ ಇಂದಿಗೂ ಬಾಯಿಪಾಠ. ಕಣ್ಣು ಚೆನ್ನಾಗಿದ್ದ ಮಕ್ಕಳೂ ಸರದಿ ನಿಂತು ಅದನ್ನು ಕೇಳುತ್ತಿದ್ದರು. ಕಿವಿ ಟೀಚರ್ ಎಂಬ ಹೆಸರು ಹುಟ್ಟಿದ್ದು ಅಲ್ಲೇ. ಓದಿ ತಿಳಿಯುವವರು, ಕೇಳಿ ತಿಳಿಯುವವರು, ಕೈಯಿಂದ ಮಾಡಿ ತಿಳಿಯುವವರು ಬೇರೆ ಬೇರೆ ಎಂಬುದನ್ನು ಅವರು ಯಾವ ಕಮ್ಮಟದಲ್ಲೂ ಕಲಿತದ್ದಲ್ಲ.

ಹೀಗಿರುವಾಗ ಶಾಲೆಗೆ ಟ್ಯಾಬ್‌ಗಳು ಬಂದವು. ತರಬೇತಿ ಕೊಡಲು ಬಂದ ಯುವಕ, ಇದರಲ್ಲಿ ಅಕ್ಷರ ದೊಡ್ಡದು ಮಾಡಬಹುದು, ಪಾಠವನ್ನು ಗಟ್ಟಿಯಾಗಿ ಓದಿಸಬಹುದು, ಕಿವಿ ಮಂದವಿರುವ ಮಗುವಿಗೆ ವಿಡಿಯೊದ ಮಾತು ಕೆಳಗೆ ಅಕ್ಷರದಲ್ಲಿ ಮೂಡುವಂತೆ ಮಾಡಬಹುದು, ಒಬ್ಬೊಬ್ಬರೂ ಅವರವರ ವೇಗದಲ್ಲಿ ಹೋಗಬಹುದು ಎಂದು ವಿವರಿಸಿದಾಗ ಮೇಡಂ ಅವರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಒಬ್ಬರೇ ಹೊತ್ತ ಭಾರಕ್ಕೆ ಕೊನೆಗೂ ಯಾರೋ ಹೆಗಲು ಕೊಟ್ಟರೆಂದು ಅವರು ಮನಸಾರೆ ನಂಬಿದರು.

ಆ ನಂಬಿಕೆ ತಿಂಗಳೊಪ್ಪತ್ತು ಉಳಿಯಿತು. ಟ್ಯಾಬ್‌ಗಳ ಜೊತೆಗೆ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಗೆ ಒಂದು ದೊಡ್ಡ ಪರದೆಯೂ ಬಂದಿತ್ತು. ಶಿಕ್ಷಕರು ತೆರೆದ ಪುಟದಲ್ಲೇ ಮಗು ಇದ್ದರೆ ಅದರಲ್ಲಿ ಹಸಿರು ಚುಕ್ಕೆ, ಬೇರೆ ಪುಟದಲ್ಲಿದ್ದರೆ ಕೆಂಪು. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಮೇಡಂ ಅವರ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಶಾಲೆಯ ವಾಹನವನ್ನೇ ಕಳಿಸಿಕೊಟ್ಟವರು ಅವರು. ಆದರೆ ಚಪ್ಪಲಿಗಳೂ ಸಾಲಾಗಿರಬೇಕೆನ್ನುವ ಆ ಶಿಸ್ತಿನ ಜೀವಕ್ಕೆ ಪರದೆಯ ಮೇಲಿನ ಒಂದು ಕೆಂಪು ಚುಕ್ಕೆಯೂ ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲ ತರಗತಿಗಳ ಟ್ಯಾಬ್‌ಗಳನ್ನೂ ಲಾಕ್ ಮಾಡಿಸಿದರು. ಅಲ್ಲಿಂದ ಮುಂದೆ ಶಿಕ್ಷಕರು ಪುಟ ತಿರುವಿದರೆ ಮಕ್ಕಳೆಲ್ಲರ ಪುಟವೂ ತಿರುಗಬೇಕು. ತಾನಾಗಿ ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ, ಓದಿಸಿಕೊಂಡು ಕೇಳುವಂತಿಲ್ಲ, ವಿಡಿಯೊದ ಮಾತನ್ನು ಅಕ್ಷರದಲ್ಲಿ ನೋಡುವಂತಿಲ್ಲ. ಮಕ್ಕಳ ನಡುವಿನ ವ್ಯತ್ಯಾಸಕ್ಕೆಂದೇ ತಯಾರಾದ ಯಂತ್ರದಿಂದ ಆ ವ್ಯತ್ಯಾಸವನ್ನೇ ಒರೆಸಿಹಾಕಿ, ಗೋಡೆ ಪೂರ್ತಿ ಹಸಿರಾದದ್ದನ್ನು ಬಂದ ಅತಿಥಿಗಳಿಗೆಲ್ಲ ತೋರಿಸಲಾಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಮೇಡಂ ಆ ತರಬೇತಿಯ ಯುವಕನಿಗೆ ಫೋನ್ ಮಾಡಿ ಲಾಕ್ ತೆಗೆಯುವುದು ಹೇಗೆಂದು ಕೇಳಿ ತಿಳಿದುಕೊಂಡು, ತಮ್ಮ ಏಳನೆಯ ತರಗತಿಯದ್ದನ್ನು ತೆಗೆದೇಬಿಟ್ಟರು. ಗೋಡೆಯ ಮೇಲೆ ಏಳನೆಯ ತರಗತಿ ಕೆಂಪಾಗಿ ಉರಿಯತೊಡಗಿತು. ಮುಂದಿನ ಸಭೆಯಲ್ಲಿ ಎಲ್ಲರೆದುರು ಪ್ರಶ್ನೆ ಬಂತು.

"ನಿಮ್ಮ ಕ್ಲಾಸ್ ಒಂದೇ ಯಾಕೆ ಮೇಡಂ ಯಾವಾಗಲೂ ಕೆಂಪು?"

"ಮಕ್ಕಳು ಓದ್ತಾ ಇದಾರಲ್ಲ ಸರ್, ಅದಕ್ಕೆ."

ಆ ಉತ್ತರಕ್ಕೆ ಯಾರೂ ನಗಲಿಲ್ಲ. ನಗು ಬಂದವರೂ ತಡೆದುಕೊಂಡರು. ಮರುವರ್ಷದ ವೇಳಾಪಟ್ಟಿಯಲ್ಲಿ ಮೇಡಂ ಅವರಿಗೆ ವಿಜ್ಞಾನವೇ ಇರಲಿಲ್ಲ. ರಜೆ ಹಾಕಿದವರ ಬದಲಿಗೆ ಹೋಗಿ ಮಕ್ಕಳನ್ನು ಸುಮ್ಮನೆ ಕೂರಿಸುವ ಪಿರಿಯಡ್‌ಗಳು ಮಾತ್ರ ಅವರ ಪಾಲಿಗೆ ಬಂದವು. ಇಡೀ ವರ್ಷ ಅವರು ಈ ಅವಮಾನವನ್ನು ನುಂಗಿಕೊಂಡು ಕಾರಿಡಾರಿನಲ್ಲಿ ಓಡಾಡಿದರು. ಫಲಿತಾಂಶ ಬಿದ್ದುಹೋಗಿ ಪೋಷಕರು ಬಂದು ಗಲಾಟೆ ಮಾಡಿದ ಮೇಲೆ ಅವರಿಗೆ ಏಳನೆಯ ತರಗತಿ ಮರಳಿ ಸಿಕ್ಕಿತು, ಅದರ ಲಾಕನ್ನು ಅವರು ಮತ್ತೆ ತೆಗೆದರು. ಕ್ಷಮೆಯ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಅವರ ಕೊನೆಯ ವರ್ಷದ ಏಳನೆಯ ತರಗತಿಯಲ್ಲಿ ಬಡಗಿಯೊಬ್ಬರ ಮಗಳಿದ್ದಳು. ಅಕ್ಷರಗಳು ಅವಳ ಕಣ್ಣೆದುರು ಜಾಗ ಬದಲಿಸುತ್ತಿದ್ದವು. ಅವಳು ಒಂದು ಸಾಲು ದಾಟುವುದರೊಳಗೆ ಉಳಿದವರು ಪುಟ ಮುಗಿಸುತ್ತಿದ್ದರು. ಮೊದಲ ವಾರವೇ ಅವಳ ತಾಯಿ ಬಂದು, "ಇವಳಿಗೆ ಓದು ತಲೆಗೆ ಹತ್ತಲ್ಲ ಮೇಡಂ, ಈ ವರ್ಷ ಒಂದು ಮುಗಿಸಿ ಬಿಡಿಸಿಬಿಡ್ತೀವಿ" ಎಂದು ನೆಲ ನೋಡುತ್ತಾ ಹೇಳಿದ್ದರು. ಮೇಡಂ ಏನೂ ವಾದ ಮಾಡದೆ ಹುಡುಗಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪಾಠವನ್ನು ನಿಧಾನವಾಗಿ ಓದುವಂತೆ ಟ್ಯಾಬ್ ಹೊಂದಿಸಿ ಕೂರಿಸಿದರು. ಅವಳು ಅಯಸ್ಕಾಂತದ ಪಾಠವನ್ನು ಕೇಳಿ, ಮತ್ತೊಮ್ಮೆ ಕೇಳಿ, ಕೈ ಎತ್ತಿದಳು.

"ಅಯಸ್ಕಾಂತನ ಎರಡು ತುಂಡು ಮಾಡಿದ್ರೆ ನಡುವಿಂದು ಎಲ್ಲಿಗೆ ಹೋಗುತ್ತೆ ಟೀಚರ್?"

ಶಾಲೆಗೆ ಸೇರಿದಂದಿನಿಂದ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಅಂದು ಸ್ಟಾಫ್ ರೂಮಿಗೆ ಬಂದು ಮೇಡಂ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಅರ್ಧವಾರ್ಷಿಕದ ಹೊತ್ತಿಗೆ ಶಾಲೆ ಬಿಡಿಸುವ ಮಾತು ಆ ಮನೆಯಲ್ಲಿ ನಿಂತುಹೋಯಿತು.

ನಿವೃತ್ತಿಯ ದಿನ ಹತ್ತಿರ ಬಂದಾಗ, ನೆನಪಿಗೆ ಏನು ಕೊಡೋಣ ಎಂದು ಮುಖ್ಯೋಪಾಧ್ಯಾಯರು ಎಲ್ಲರ ಎದುರಿಗೇ ಕೇಳಿದರು.

"ನನಗೇನೂ ಬೇಡ ಸರ್. ಏಳನೇ ಕ್ಲಾಸಿನ ಲಾಕ್ ತೆಗೆದೇ ಇರಲಿ, ಅಷ್ಟು ಸಾಕು."

"ಅಯ್ಯೋ, ಅದೇನು ದೊಡ್ಡ ವಿಷಯ ಮೇಡಂ. ಆಯ್ತು ಬಿಡಿ."

ಮೇಡಂ ಆ ಮಾತನ್ನು ನಂಬಿ, ನೆಮ್ಮದಿಯಿಂದ ಮನೆಗೆ ಹೋದರು. ಶನಿವಾರ, ಬೀಳ್ಕೊಡುಗೆಯ ದಿನ, ಭಾಷಣಗಳಾದ ಮೇಲೆ ಶಾಲೆಯದೇ ಒಂದು ಟ್ಯಾಬನ್ನು, ಏಳನೆಯ ತರಗತಿಗೆ ಸೇರಿದ್ದನ್ನೇ, ಹೊಳೆಯುವ ಕಾಗದದಲ್ಲಿ ಸುತ್ತಿ ಅವರ ಕೈಗಿತ್ತಿದ್ದರು. ಸೊಸೆ ಅದನ್ನು ಮನೆಯ ವೈಫೈಗೆ ಜೋಡಿಸಿಕೊಟ್ಟಳು. ಸೋಮವಾರ ಬೆಳಗ್ಗೆ ಮೇಡಂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿರುವಾಗ ಪಕ್ಕದಲ್ಲಿದ್ದ ಟ್ಯಾಬ್ ತಾನಾಗಿ ಬೆಳಗಿ, ಏಳನೆಯ ತರಗತಿಯ ಶಾಖದ ಪಾಠ ಮೂಡಿತು. ಮುಟ್ಟಿದರು, ಪುಟ ಅಲುಗಲಿಲ್ಲ. ಓದಿಸುವ ಗುಂಡಿ ಒತ್ತಿದರು, ದನಿ ಬರಲಿಲ್ಲ. ನೋಡುತ್ತಿರುವಂತೆಯೇ ಮುಂದಿನ ಪುಟ ಬಂತು, ಅದರ ಬೆನ್ನಿಗೇ ಇನ್ನೊಂದು. ಬಡಗಿಯ ಮಗಳು ಇನ್ನೂ ಮೊದಲ ಪುಟದ ಎರಡನೆಯ ಸಾಲಿನಲ್ಲಿರುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಶಾಲೆ ಬಿಟ್ಟ ಮೇಲೆ ಕೊಟ್ಟ ಮಾತು ಒಂದು ಭಾನುವಾರದಾಚೆಗೂ ಉಳಿದಿರಲಿಲ್ಲ. ಅವರು ಚಾಕು ಕೆಳಗಿಟ್ಟು ಫೋನ್ ಎತ್ತಿಕೊಂಡರು.

"ಇನ್‌ಸ್ಪೆಕ್ಷನ್ ಇದೆ ಮೇಡಂ, ಅದೊಂದು ಮುಗೀಲಿ, ನೋಡೋಣ" ಎಂದರು ಮುಖ್ಯೋಪಾಧ್ಯಾಯರು.

ಇನ್‌ಸ್ಪೆಕ್ಷನ್ ಮುಗಿಯಿತು. ಪರಿವೀಕ್ಷಕರು ಹಸಿರು ಗೋಡೆಯನ್ನು ಮೆಚ್ಚಿ ಬರೆದರು. ಮುಖ್ಯೋಪಾಧ್ಯಾಯರು ಸಂತೋಷದಿಂದ ತಾವೇ ಫೋನ್ ಮಾಡಿದರು. ಲಾಕ್ ತೆಗೆದಿದ್ದೇವೆ ಎಂದು ತಿಳಿಸುವುದಕ್ಕಲ್ಲ. ಮೇಡಂ ಅವರಿಗೆ ಅರವತ್ತು ತುಂಬಿದ ನೆನಪಿಗೆ ಅಭಿನಂದನ ಸಂಪುಟ ಹೊರಬರುತ್ತಿದೆ, ಅದರಲ್ಲಿ ಅವರನ್ನು ತರಗತಿ ತಂತ್ರಜ್ಞಾನದ ಹರಿಕಾರರೆಂದು ಕರೆದಿದ್ದೇವೆ ಎಂದು ತಿಳಿಸುವುದಕ್ಕೆ. ಓದುಗರು ಈಗ ಕೈಯಲ್ಲಿ ಹಿಡಿದಿರುವುದು ಅದೇ ಸಂಪುಟ. ಮುಖಪುಟದ ಚಿತ್ರದಲ್ಲಿ ಮಕ್ಕಳೆಲ್ಲರ ಟ್ಯಾಬ್‌ಗಳೂ ಒಂದೇ ಪುಟವನ್ನು ತೋರಿಸುತ್ತಿವೆ. ಅದು ಮೇಡಂ ಹೋದ ಮೇಲೆ ತೆಗೆದ ಚಿತ್ರ. ಅವರಿದ್ದಾಗ ಅಂಥ ಚಿತ್ರ ಆ ಕೋಣೆಯಲ್ಲಿ ಸಿಗುವುದು ಸಾಧ್ಯವಿರಲಿಲ್ಲ.

ಮುಖ್ಯೋಪಾಧ್ಯಾಯರ ಆ ಫೋನ್ ಬಂದ ವಾರವೇ ಹುಡುಗಿಯ ತಾಯಿ ಮೇಡಂ ಅವರಿಗೆ ಫೋನ್ ಮಾಡಿದರು. "ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದಾಳೆ ಮೇಡಂ. ಎಲ್ಲರೂ ಮುಂದೆ ಹೋಗಿಬಿಡ್ತಾರಂತೆ. ಇವರಪ್ಪನೂ ಬಿಡಿಸಿಬಿಡೋಣ ಅಂತಿದಾರೆ."

"ಬಿಡಿಸಬೇಡಿ. ಫೋನ್ ಅವಳ ಕೈಗೆ ಕೊಡಿ."

ಗಂಟಲಿನ ಡಾಕ್ಟರು ಮೇಡಂ ಅವರಿಗೆ ಮಾತು ಕಡಿಮೆ ಮಾಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇಷ್ಟು ವರ್ಷ ಸೀಮೆಸುಣ್ಣದ ಪುಡಿಯಲ್ಲಿ ಕೂಗಿದ ಗಂಟಲು ಅದು. ಆದರೂ ಅಂದಿನಿಂದ ಪ್ರತಿ ಸಂಜೆ ಅವರು ಆ ಲಾಕ್ ಆದ ಟ್ಯಾಬನ್ನು ಎದುರಿಗಿಟ್ಟುಕೊಂಡು, ಅಂದು ತರಗತಿಯಲ್ಲಿ ಓಡಿಹೋದ ಪುಟಗಳನ್ನು ನಡುನಡುವೆ ಬಿಸಿನೀರು ಗುಟುಕರಿಸುತ್ತಾ ಫೋನಿನಲ್ಲಿ ಅವಳಿಗೆ ಓದಿ ಹೇಳುತ್ತಿದ್ದಾರೆ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ವಿಡಿಯೊದ ಮಾತು ಅಕ್ಷರದಲ್ಲಿ ಬೇಕಾಗಿದ್ದ, ಕಿವಿ ಮಂದವಿರುವ ಅವಳ ಸಹಪಾಠಿಗೆ ಫೋನಿನಿಂದ ಪ್ರಯೋಜನವಿಲ್ಲ. ಅವನು ಶಾಲೆ ಬಿಟ್ಟು ಎರಡು ವಾರವಾಯಿತು.

ಇಂಥ ಲೇಖನದ ಕೊನೆಯಲ್ಲಿ ಎರಡು ಹಾರೈಕೆ ಇರುವುದು ವಾಡಿಕೆ. ಮೊದಲನೆಯದನ್ನು ತುಂಬು ಹೃದಯದಿಂದ ಹಾರೈಸುತ್ತೇವೆ: ಮೇಡಂ ಅವರಿಗೆ ದೀರ್ಘಾಯುಷ್ಯವೂ ಒಳ್ಳೆಯ ಆರೋಗ್ಯವೂ ಇರಲಿ, ಆ ಗಂಟಲಿಗೆ ವಿಶ್ರಾಂತಿ ಸಿಗಲಿ. ಎರಡನೆಯದು, ಅವರ ಕೆಲಸ ಹೀಗೆಯೇ ಮುಂದುವರಿಯಲಿ ಎಂಬುದು. ಅದನ್ನು ನಾವು ಹಾರೈಸುವುದಿಲ್ಲ. ಆ ಕೆಲಸ ಶಾಲೆಯದು.